ಹರಾಜಿಗೆ ಬಂದ ಹಾರ್ಪ್

ಇಂಗ್ಲೆಂಡಿನಲ್ಲಿ ಹಳೆಯ ಬಂಗಲೆಗಳ ಸಾಮಾನು ಹರಾಜಿಗೆ ಬರುವುದು ಹೊಸ ಸಂಗತಿಯಲ್ಲ. ಮನೆತನಗಳು ಕರಗುತ್ತವೆ, ಆಸ್ತಿ ಹಂಚಿಹೋಗುತ್ತದೆ, ದಿವಾನಖಾನೆಯಲ್ಲಿ ನೂರಾರು ವರ್ಷ ಅಲುಗದೆ ನಿಂತಿದ್ದ ವಸ್ತುಗಳು ಒಂದು ಬೆಳಗ್ಗೆ ನಂಬರು ಚೀಟಿ ಅಂಟಿಸಿಕೊಂಡು ಸಾಲಾಗಿ ನಿಲ್ಲುತ್ತವೆ. ಮೇಜು, ಕುರ್ಚಿ, ಗಡಿಯಾರ, ಬೆಳ್ಳಿಯ ಪಾತ್ರೆ, ಪಿಂಗಾಣಿ ಸಾಮಾನುಗಳ ನಡುವೆ ಒಮ್ಮೊಮ್ಮೆ ಆಳೆತ್ತರದ ಒಂದು ವಸ್ತು ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಚಿನ್ನದ ಮುಲಾಮಿನ ಕಂಬ. ಕಂಬದ ತಲೆಯಲ್ಲಿ ರೆಕ್ಕೆ ಬಿಚ್ಚಿ ನಿಂತ ಗ್ರೀಕ್ ದೇವತೆಯರು. ಹಂಸದ ಕತ್ತಿನಂತೆ ಬಾಗಿದ ಕೊರಳು. ಅದರಿಂದ ಕೆಳಗಿನ ಒಡಲಿಗೆ ಇಳಿದಿರುವ, ಅಥವಾ ಇಳಿದಿರಬೇಕಾಗಿದ್ದ, ನಲವತ್ತಕ್ಕೂ ಮೀರಿದ ತಂತಿಗಳು. ಇದೇ ಹಾರ್ಪ್ ಎಂಬ ವಾದ್ಯ.

ಹರಾಜಿನ ಸೂಚೀಪತ್ರದಲ್ಲಿ ಇದರ ವರ್ಣನೆ ನಾಲ್ಕೈದು ಸಾಲಿಗಿಂತ ಹೆಚ್ಚಿರುವುದಿಲ್ಲ. ತಯಾರಿಸಿದವನ ಹೆಸರು, ಸುಮಾರು ಕಾಲ, ಎತ್ತರ ಐದೂವರೆ ಅಡಿ, ಮುಲಾಮು ಅಲ್ಲಲ್ಲಿ ಸವೆದಿದೆ, ಕೆಲವು ತಂತಿಗಳಿಲ್ಲ. ಕೊನೆಗೆ, ‘ಅಲಂಕಾರಕ್ಕೆ ಯೋಗ್ಯವಾದದ್ದು’ ಎಂಬ ಮಾತು. ಕೇಳುವುದಕ್ಕೆ ಹೊಗಳಿಕೆಯಂತಿರುವ ಈ ಮಾತಿನ ನಿಜವಾದ ಅರ್ಥವನ್ನು ಬಲ್ಲವರು ಬಲ್ಲರು. ಈ ವಾದ್ಯ ಇನ್ನು ನುಡಿಯಲಾರದು ಎಂಬುದೇ ಅದರ ಅರ್ಥ. ಸ್ವರ ಹೋದ ಮೇಲೆ ಉಳಿದ ಸೊಬಗಿಗೆ ಈಗ ಸವಾಲು ಕೂಗುವುದು.

ನುಡಿಯುವುದಕ್ಕಾಗಿಯೇ ಹುಟ್ಟಿದ ವಸ್ತುವೊಂದು ನೋಡುವುದಕ್ಕೆ ಮಾತ್ರ ಉಳಿಯುವುದು ಹೇಗೆ? ಅದಕ್ಕೆ ಬೆಲೆ ಕಟ್ಟುವವರು ಯಾವುದಕ್ಕೆ ಬೆಲೆ ಕಟ್ಟುತ್ತಾರೆ? ಈ ಪ್ರಶ್ನೆಗಳ ಹಿಂದೆ ಒಂದು ರಾಜ್ಯಕ್ರಾಂತಿಯ, ಒಬ್ಬ ಅಸಾಮಾನ್ಯ ಕುಶಲಕರ್ಮಿಯ, ಒಂದು ಕಾಲದ ಹೆಣ್ಣುಮಕ್ಕಳ ಬದುಕಿನ ಕಥೆಯೇ ಇದೆ.

ರಾಣಿಯ ಕಾಲದ ಹುಚ್ಚು

ಹಾರ್ಪ್ ಅತಿ ಪುರಾತನವಾದ ವಾದ್ಯ. ಈಜಿಪ್ಟಿನ ದೊರೆಗಳ ಸಮಾಧಿಗಳ ಗೋಡೆಗಳ ಮೇಲೆ ಹಾರ್ಪ್ ನುಡಿಸುವವರ ಚಿತ್ರಗಳಿವೆ. ಮಧ್ಯಯುಗದ ಯೂರೋಪಿನಲ್ಲಿ ಅದು ಆಸ್ಥಾನ ಗಾಯಕರ ಸಂಗಾತಿಯಾಗಿದ್ದಿತು. ಆದರೆ ಅದಕ್ಕೆ ಒಂದು ದೊಡ್ಡ ಕೊರತೆಯಿತ್ತು. ನಮ್ಮ ವೀಣೆಯಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳಿರುವುದರಿಂದ ಒಂದೇ ತಂತಿಯಿಂದ ಹಲವು ಸ್ವರಗಳನ್ನು ಹೊರಡಿಸಬಹುದು. ತಂತಿಯನ್ನು ಎಳೆದು ಗಮಕವನ್ನೂ ನುಡಿಸಬಹುದು. ಹಾರ್ಪಿನಲ್ಲಿ ಮೆಟ್ಟಿಲುಗಳಿಲ್ಲ. ಒಂದು ತಂತಿಗೆ ಒಂದೇ ಸ್ವರ. ಸಪ್ತ ಸ್ವರಗಳನ್ನು ಒಂದು ಕ್ರಮದಲ್ಲಿ ಶ್ರುತಿ ಮಾಡಿಟ್ಟರೆ ಅಷ್ಟನ್ನೇ ನುಡಿಸಬೇಕು. ನಡುವೆ ಒಂದು ಸ್ವರ ತುಸು ಏರಿಯೋ ಇಳಿದೋ ಬರಬೇಕಾದರೆ ವಾದಕನ ಕೈ ಕಟ್ಟಿದಂತೆಯೇ.

ಈ ತೊಡಕನ್ನು ಕಾಲಿನಿಂದ ಬಿಡಿಸಿದವನು ಜರ್ಮನಿಯ ಬವೇರಿಯ ಪ್ರಾಂತದ ಯಾಕೋಬ್ ಹಾಖ್‌ಬ್ರುಕರ್. ಸುಮಾರು 1720ರಲ್ಲಿ ಅವನು ಹಾರ್ಪಿನ ಪೀಠಕ್ಕೆ ಪೆಡಲುಗಳನ್ನು ಜೋಡಿಸಿದ. ಪೆಡಲನ್ನು ತುಳಿದರೆ, ಟೊಳ್ಳಾದ ಕಂಬದೊಳಗೆ ಅಡಗಿರುವ ಸರಳು ಮೇಲಿನ ಕೊರಳಿನ ಯಂತ್ರವನ್ನು ಎಳೆದು, ತಂತಿಯ ನುಡಿಯುವ ಉದ್ದವನ್ನು ತುಸು ಮೊಟಕುಗೊಳಿಸುವುದು. ಸ್ವರ ಅರ್ಧ ಹೆಜ್ಜೆ ಮೇಲೇರುವುದು. ಏಳು ಸ್ವರಗಳಿಗೆ ಏಳು ಪೆಡಲು. ಹೀಗೆ ಕೈಯಿಂದ ನುಡಿಸುವ ವಾದ್ಯ ಕಾಲಿನ ವಾದ್ಯವೂ ಆಯಿತು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪೆಡಲ್ ಹಾರ್ಪ್ ಪ್ಯಾರಿಸಿನ ಶ್ರೀಮಂತರ ಮನೆಗಳನ್ನು ಹೊಕ್ಕಿತು. 1770ರಲ್ಲಿ ಆಸ್ಟ್ರಿಯದಿಂದ ಫ್ರಾನ್ಸಿನ ಸೊಸೆಯಾಗಿ ಬಂದ ಮಾರಿ ಆಂಟ್ವಾನೆಟ್ ಸ್ವತಃ ಹಾರ್ಪ್ ನುಡಿಸುತ್ತಿದ್ದಳು. ರಾಣಿ ಮುಟ್ಟಿದ್ದು ಊರಿಗೆಲ್ಲ ಪ್ರಿಯವಾಗಲು ತಡವೇನು? ನಾದರ್‌ಮಾನ್, ಕೂಸಿನೋ ಮೊದಲಾದ ತಯಾರಕರ ಕಾರ್ಯಾಗಾರಗಳಿಗೆ ಬಿಡುವೇ ಇಲ್ಲವಾಯಿತು. 1778ರಲ್ಲಿ ಪ್ಯಾರಿಸಿಗೆ ಬಂದಿದ್ದ ಮೋಟ್ಸಾರ್ಟ್, ಕೊಳಲು ನುಡಿಸುತ್ತಿದ್ದ ಒಬ್ಬ ಡ್ಯೂಕ್ ಮತ್ತು ಹಾರ್ಪ್ ನುಡಿಸುತ್ತಿದ್ದ ಅವನ ಮಗಳಿಗಾಗಿ ಎರಡೂ ವಾದ್ಯಗಳು ಜೊತೆಗೂಡುವ ಒಂದು ಕಾನ್ಚೆರ್ಟೋ ರಚಿಸಿದ. ಅದು ಇಂದಿಗೂ ಪಾಶ್ಚಾತ್ಯ ಸಂಗೀತಸಭೆಗಳಲ್ಲಿ ಕೇಳಿಬರುತ್ತದೆ.

ಹಾರ್ಪಿನ ಅಲಂಕಾರ ಬೆಳೆದದ್ದು ಈ ಕಾಲದಲ್ಲಿಯೇ. ಅದು ದಿವಾನಖಾನೆಯಲ್ಲಿ ನಿಲ್ಲಬೇಕಾದ ವಸ್ತು. ನುಡಿಸದಿರುವಾಗಲೂ ನೋಡುವವರಿಗೆ ಮನೆಯ ಅಂತಸ್ತನ್ನು ಹೇಳಬೇಕು. ಆದ್ದರಿಂದ ಒಡಲಿನ ಹಲಗೆಯ ಮೇಲೆ ಹೂಬಳ್ಳಿಗಳ ಚಿತ್ರ, ಕಂಬದ ಮೇಲೆ ಕೆತ್ತನೆ, ಕೆತ್ತನೆಯ ಮೇಲೆ ಚಿನ್ನದ ರೇಕು. ಅದನ್ನು ನುಡಿಸುವವಳ ನೀಳವಾದ ಕೈ, ಪೆಡಲಿನ ಮೇಲಿನ ಪುಟ್ಟ ಪಾದ, ಇವೂ ಆ ಅಲಂಕಾರದ ಭಾಗವೇ ಆಗಿದ್ದವು. ಚಿತ್ರಕಲಾವಿದೆ ರೋಸ್ ಅಡಲೆಯ್ಡ್ ಡ್ಯುಕ್ರೂ 1791ರಲ್ಲಿ ಹಾರ್ಪಿನ ಜೊತೆ ತನ್ನನ್ನೇ ಚಿತ್ರಿಸಿಕೊಂಡಿದ್ದಾಳೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ಆ ಪಟವನ್ನು ನೋಡಿದರೆ, ರೇಷ್ಮೆಯ ಉಡುಗೆಗೂ ವಾದ್ಯಕ್ಕೂ ಸಮಸಮನಾದ ಸ್ಥಾನವಿರುವುದು ಕಾಣುತ್ತದೆ.

ಕ್ರಾಂತಿಯ ಹರಾಜು

ಆ ಪಟ ಮುಗಿದಾಗ ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹೊತ್ತಿ ಎರಡು ವರ್ಷವಾಗಿತ್ತು. ಶ್ರೀಮಂತರು ಗಡಿ ದಾಟಿ ಓಡಿದರು; ಓಡಲಾರದವರು ಗಿಲೊಟಿನ್ ಯಂತ್ರಕ್ಕೆ ತಲೆಯೊಡ್ಡಿದರು. ವರ್ಸೇಲ್ಸ್ ಅರಮನೆಯ ಸಾಮಾನನ್ನು ಹೊಸ ಸರ್ಕಾರ ಹರಾಜು ಹಾಕಿತು. 1793ರ ಆಗಸ್ಟ್ 25ರಂದು ಆರಂಭವಾದ ಆ ಹರಾಜು ಮುಗಿದದ್ದು ಮರುವರ್ಷ ಆಗಸ್ಟ್ 11ರಂದು. ಮಾರಾಟಕ್ಕಿಟ್ಟ ಲಾಟುಗಳ ಸಂಖ್ಯೆ 17,182! ಹರಾಜಿನ ಕೂಗು ಕೇಳಿಬರುತ್ತಿದ್ದಾಗಲೇ, 1793ರ ಅಕ್ಟೋಬರ್ 16ರಂದು, ಪ್ಯಾರಿಸಿನಲ್ಲಿ ರಾಣಿಯ ಶಿರಚ್ಛೇದವಾಯಿತು.

ತಲೆಮರೆಸಿಕೊಂಡವರ ಮತ್ತು ಶಿಕ್ಷೆಗೊಳಗಾದವರ ಮನೆಗಳಿಂದ ವಶಪಡಿಸಿಕೊಂಡ ವಾದ್ಯಗಳ ಪಟ್ಟಿಯನ್ನು ಬ್ರೂನಿ ಎಂಬ ಇಟಲಿ ಮೂಲದ ಪಿಟೀಲು ವಾದಕ ಸರ್ಕಾರಕ್ಕಾಗಿ ಬರೆದಿಟ್ಟಿದ್ದಾನೆ. ಮುಂದೆ 1890ರಲ್ಲಿ ಅದು ಪುಸ್ತಕರೂಪದಲ್ಲಿ ಅಚ್ಚಾಯಿತು. ಯಾರ ಮನೆಯಲ್ಲಿ ಎಷ್ಟು ಪಿಯಾನೋ, ಎಷ್ಟು ಪಿಟೀಲು, ಎಷ್ಟು ಹಾರ್ಪ್ ಎಂಬ ಲೆಕ್ಕ ಅದರಲ್ಲಿದೆ. ಒಣ ಲೆಕ್ಕವೇ ನಿಜ. ಆದರೆ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಮನೆಯ ಸಂಜೆಯ ಹಾಡು ನಿಂತುಹೋಗಿರುವುದು ಓದುಗನ ಮನಸ್ಸಿಗೆ ತಟ್ಟದಿರದು.

ಕ್ರಾಂತಿಯಿಂದ ಪಾರಾದವರಲ್ಲಿ ಸೆಬಾಸ್ಟಿಯನ್ ಎರಾರ್ ಒಬ್ಬ. 1752ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಪಿಯಾನೋ ತಯಾರಕನಾಗಿ ಹೆಸರು ಮಾಡಿದ್ದ ಇವನಿಗೆ ಅರಮನೆಯ ಆಶ್ರಯವಿದ್ದಿತು. ಅರಮನೆಯ ಆಶ್ರಯವೇ ಪ್ರಾಣಕ್ಕೆ ಮುಳುವಾಗುವ ಕಾಲ ಬಂದಾಗ, 1792ರಲ್ಲಿ, ಅವನು ಲಂಡನ್ನಿಗೆ ಹೋದ. ಅಲ್ಲಿ ಗ್ರೇಟ್ ಮಾರ್ಲ್‌ಬರೋ ಬೀದಿಯ 18ನೆಯ ನಂಬರಿನಲ್ಲಿ ಅಂಗಡಿ ತೆರೆದ. 1794ರಲ್ಲಿ ಹಾರ್ಪಿನ ಹೊಸ ಯಂತ್ರಕ್ಕೆ ಪೇಟೆಂಟ್ ಪಡೆದ. 1810ರಲ್ಲಿ ಅವನು ಪೇಟೆಂಟ್ ಪಡೆದ ಇನ್ನೊಂದು ಯಂತ್ರ ಹಾರ್ಪಿನ ಹಣೆಬರಹವನ್ನೇ ಬದಲಿಸಿತು.

ಎರಾರನ ಯುಕ್ತಿ ನೋಡಲು ಸರಳ. ಪ್ರತಿಯೊಂದು ತಂತಿಯ ಮೇಲ್ಭಾಗದಲ್ಲಿಯೂ ಒಂದರ ಕೆಳಗೊಂದರಂತೆ ಎರಡು ಪುಟ್ಟ ಹಿತ್ತಾಳೆಯ ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಕವೆಯಂತೆ ಎರಡು ಮೊಳೆಗಳು. ಪೆಡಲು ಮೇಲಿದ್ದಾಗ ತಂತಿ ಬಿಡುಬೀಸಾಗಿರುತ್ತದೆ, ಸ್ವರ ಕೋಮಲ. ಪೆಡಲನ್ನು ನಡುವಿನ ಕಚ್ಚಿಗೆ ತುಳಿದರೆ ಮೇಲಿನ ಬಿಲ್ಲೆ ತಿರುಗಿ, ಮೊಳೆಗಳ ನಡುವೆ ತಂತಿಯನ್ನು ಹಿಡಿಯುತ್ತದೆ, ಸ್ವರ ಶುದ್ಧ. ಇನ್ನೂ ಕೆಳಗಿನ ಕಚ್ಚಿಗೆ ತುಳಿದರೆ ಎರಡನೆಯ ಬಿಲ್ಲೆಯೂ ಹಿಡಿಯುತ್ತದೆ, ಸ್ವರ ತೀವ್ರ. ಏಳು ಪೆಡಲುಗಳಿಗೂ ಮೂರು ಮೂರು ನೆಲೆಗಳು. ಇದರಿಂದ ಪಾಶ್ಚಾತ್ಯ ಸಂಗೀತದ ಎಲ್ಲ ಶ್ರುತಿಗಳೂ ಹಾರ್ಪಿಗೆ ವಶವಾದವು. ಇಂದು ವಾದ್ಯವೃಂದಗಳಲ್ಲಿ ಕಾಣುವ 47 ತಂತಿಗಳ ಹಾರ್ಪಿನಲ್ಲಿ ಇರುವುದೂ ಮೂಲತಃ ಇದೇ ಏರ್ಪಾಡು.

ಎರಾರನ 43 ತಂತಿಗಳ ಈ ಹೊಸ ಹಾರ್ಪ್ ‘ಗ್ರೀಸಿಯನ್’ ಎಂದು ಹೆಸರಾಯಿತು. ಕಂಬದ ಮೇಲಿನ ರೆಕ್ಕೆಯ ದೇವತೆಯರು ಅದರ ಗುರುತು. ಬೆಲೆ ನೂರು ಗಿನಿಗೂ ಹೆಚ್ಚು. ಆದರೂ ಮೊದಲ ವರ್ಷದಲ್ಲಿಯೇ ಇಪ್ಪತ್ತೈದು ಸಾವಿರ ಪೌಂಡುಗಳ ಹಾರ್ಪುಗಳು ಮಾರಾಟವಾದವೆಂದು ಸಂಗೀತದ ಇತಿಹಾಸಕಾರರು ಬರೆದಿದ್ದಾರೆ. ಸುಮಾರು 1835ರಲ್ಲಿ ಎರಾರನ ಸೋದರನ ಮಗ ಪಿಯೆರ್, ಇಗರ್ಜಿಗಳ ಶಿಲ್ಪವನ್ನು ಹೋಲುವ 46 ತಂತಿಗಳ ‘ಗಾಥಿಕ್’ ಮಾದರಿಯನ್ನು ಹೊರತಂದ. ಇಂದು ಹರಾಜಿಗೆ ಬರುವ ಹಳೆಯ ಹಾರ್ಪುಗಳಲ್ಲಿ ಬಹಳಷ್ಟು ಈ ಎರಡು ಮಾದರಿಗಳವೇ.

ಮದುವೆಯವರೆಗಿನ ಸಂಗೀತ

ಇಷ್ಟು ಹಾರ್ಪುಗಳನ್ನು ಕೊಂಡವರು ಯಾರು? ವೃತ್ತಿಯ ವಾದಕರು ಬೆರಳೆಣಿಕೆಯಷ್ಟು ಜನ. ಕೊಂಡವರಲ್ಲಿ ಹೆಚ್ಚಿನವರು ಮನೆಯಲ್ಲಿ ಪ್ರಾಯದ ಹೆಣ್ಣುಮಕ್ಕಳಿದ್ದ ಸ್ಥಿತಿವಂತರು. ಜೇನ್ ಆಸ್ಟಿನ್ 1814ರಲ್ಲಿ ಪ್ರಕಟಿಸಿದ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯಲ್ಲಿ ಮೇರಿ ಕ್ರಾಫರ್ಡ್ ಎಂಬ ತರುಣಿಯ ಹಾರ್ಪನ್ನು ಹಳ್ಳಿಗೆ ತರಲು ಗಾಡಿಯೇ ಸಿಗುವುದಿಲ್ಲ. ಅದು ಹುಲ್ಲು ಕೊಯ್ಲಿನ ಕಾಲ, ಯಾವ ರೈತನೂ ಗಾಡಿ ಕೊಡಲೊಲ್ಲ. ಹಣ ಕೊಟ್ಟರೂ ಗಾಡಿ ಸಿಗದೆಂಬುದು ಪಟ್ಟಣದ ಆ ಹುಡುಗಿಗೆ ವಿಚಿತ್ರವೆನಿಸುತ್ತದೆ. ಕೊನೆಗೂ ಬಂದ ಹಾರ್ಪ್, ಕಿಟಕಿಯ ಬಳಿ ಕುಳಿತು ಅದನ್ನು ನುಡಿಸುವ ಹುಡುಗಿ, ದಿನವೂ ಕೇಳಲು ಬರುವ ತರುಣ—ಪ್ರಣಯಕ್ಕೆ ಇನ್ನೇನು ಬೇಕು?

ಇದು ಕಾದಂಬರಿಯ ಮಾತು. ವಾಸ್ತವದಲ್ಲಿ ಎಷ್ಟೋ ಹಾರ್ಪುಗಳು ಮದುವೆಯೊಂದಿಗೆ ಮೌನವಾದವು. ವರನ ಕಡೆಯವರು ಮೆಚ್ಚಿಕೊಂಡದ್ದಾಯಿತು. ಮುಂದೆ ಸಂಸಾರ, ಮಕ್ಕಳು, ಮನೆವಾರ್ತೆ. ಈ ಮಾತನ್ನು ಓದುವಾಗ ಕನ್ನಡದ ಗೃಹಿಣಿಯರಿಗೆ ಲಂಡನ್ ಅಷ್ಟೊಂದು ದೂರವೆನಿಸಲಾರದು. ಹೆಣ್ಣು ನೋಡಲು ಬಂದವರ ಮುಂದೆ ಒಂದು ಕೀರ್ತನೆ ನುಡಿದು, ಆಮೇಲೆ ಗೌಸಣಿಗೆ ತೊಟ್ಟು ಮೂಲೆ ಸೇರಿದ ವೀಣೆಗಳು ನಮ್ಮಲ್ಲಿ ಕಡಮೆಯೇ? ಪಿಯಾನೋ ಅಗ್ಗವಾಗಿ ಎಲ್ಲೆಡೆ ಹರಡಿದ ಮೇಲಂತೂ, ತಂತಿ ಬದಲಾಯಿಸುವ, ದಿನವೂ ಶ್ರುತಿ ಮಾಡುವ ಕಷ್ಟವಿರುವ ಹಾರ್ಪ್ ಮನೆಗಳಲ್ಲಿ ಹಿಂದೆ ಬಿದ್ದಿತು. ವಾದ್ಯವೃಂದಗಳಲ್ಲಿ ಮಾತ್ರ ಅದರ ಬಾಳು ಬೆಳಗಿತು. ಬರ್ಲಿಯೋಜ್, ವಾಗ್ನರ್ ಮೊದಲಾದವರು ಅದಕ್ಕೆ ಹಿರಿದಾದ ಸ್ಥಾನ ಕೊಟ್ಟರು. 1905ರಲ್ಲಿ ರವೆಲ್ ಎರಾರ್ ಕಂಪನಿಯ ಕೋರಿಕೆಯಂತೆ ಹಾರ್ಪಿಗಾಗಿ ಒಂದು ಸುಂದರ ಕೃತಿ ರಚಿಸಿದ. ಮನೆಯ ಹಾರ್ಪ್ ಮಾತ್ರ ಅಟ್ಟಕ್ಕೆ ಏರಿತು; ಅಟ್ಟದಿಂದ ಹರಾಜಿಗೆ ಇಳಿಯಿತು.

ಹಾರ್ಪಿನ ರೋಗಲಕ್ಷಣ

ಸುಮ್ಮನೆ ನಿಂತ ಹಾರ್ಪ್ ಕೆಡುವುದೇಕೆ? ಅದರ ವೈರಿ ಅದರೊಳಗೇ ಇದೆ. ಬಿಗಿದ ತಂತಿಗಳೆಲ್ಲ ಸೇರಿ ಒಡಲನ್ನೂ ಕೊರಳನ್ನೂ ನೂರಾರು ಕಿಲೋಗ್ರಾಂ ಭಾರದಷ್ಟು ಬಲದಿಂದ ಹಗಲಿರುಳೂ ಎಳೆಯುತ್ತಿರುತ್ತವೆ. ಒಡಲಿನ ಮುಂಭಾಗದ ತೆಳುವಾದ ಸ್ಪ್ರೂಸ್ ಮರದ ಹಲಗೆಯೇ ನಾದದ ತಾಯಿ. ಅದು ತೆಳುವಾಗಿದ್ದರೆ ತಾನೇ ನಾದ! ಆದರೆ ತೆಳುವಾಗಿರುವುದರಿಂದಲೇ ವರ್ಷಗಳು ಕಳೆದಂತೆ ತಂತಿಗಳ ಎಳೆತಕ್ಕೆ ಅದು ಹೊಟ್ಟೆಯುಬ್ಬಿ ಮೇಲೇಳುತ್ತದೆ, ಬಿರುಕು ಬಿಡುತ್ತದೆ. ಕೊರಳು ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಹಾರ್ಪನ್ನು ನುಡಿಸುವ ಅದೇ ಎಳೆತ ಅದನ್ನು ನಿಧಾನವಾಗಿ ಮುರಿಯುತ್ತಲೂ ಇರುತ್ತದೆ.

ಆದ್ದರಿಂದ ಬಲ್ಲ ಗಿರಾಕಿ ಹರಾಜಿನ ಹಿಂದಿನ ದಿನವೇ ಹೋಗಿ ವಾದ್ಯವನ್ನು ಪರೀಕ್ಷಿಸುತ್ತಾನೆ. ಚಿನ್ನದ ದೇವತೆಯರನ್ನು ಅವನು ಕೊನೆಗೆ ನೋಡುತ್ತಾನೆ. ಮೊದಲು ಹಿಂದೆ ನಿಂತು, ಕೊರಳು ಕಂಬದ ನೇರಕ್ಕಿದೆಯೇ ಎಂದು ಒಂದು ಕಣ್ಣು ಮುಚ್ಚಿ ಅಳೆಯುತ್ತಾನೆ. ಹಲಗೆ ಎಷ್ಟು ಉಬ್ಬಿದೆ ಎಂದು ಅಂಗೈಯಿಂದ ಸವರುತ್ತಾನೆ. ಕೊರಳೂ ಒಡಲೂ ಕೂಡುವ ಭುಜದಲ್ಲಿ ಬಿರುಕನ್ನು ಹುಡುಕುತ್ತಾನೆ. ಪೀಠದಲ್ಲಿ ಹುಳು ಕೊರೆದ ತೂತುಗಳಿವೆಯೇ, ಪೆಡಲು ತುಳಿದರೆ ಬಿಲ್ಲೆಗಳು ತಿರುಗುತ್ತವೆಯೇ, ಒಂದೇ ಸಾಲು ಬಿಲ್ಲೆಗಳಿವೆಯೋ ಎರಡು ಸಾಲೋ, ಮುಲಾಮು ಹಳೆಯ ಚಿನ್ನವೋ ಆಮೇಲೆ ಬಳಿದ ಕಂಚಿನ ಬಣ್ಣವೋ—ಎಲ್ಲವನ್ನೂ ನೋಡುತ್ತಾನೆ. ಕೊನೆಗೆ ಕೊರಳಿನ ಹಿತ್ತಾಳೆಯ ತಗಡಿನ ಮೇಲೆ ಕೊರೆದ ಹೆಸರನ್ನೂ ಸಂಖ್ಯೆಯನ್ನೂ ಬರೆದುಕೊಳ್ಳುತ್ತಾನೆ.

ಈ ಸಂಖ್ಯೆಯೇ ಒಂದು ಕೀಲಿಕೈ. ಎರಾರ್ ಕಂಪನಿಯ ಲಂಡನ್ ಶಾಖೆಯ ಮಾರಾಟದ ಲೆಕ್ಕದ ಪುಸ್ತಕಗಳು ಅಲ್ಲಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸಂಸ್ಥೆಯಲ್ಲಿ ಉಳಿದುಬಂದಿವೆ. ಇಂಥ ಸಂಖ್ಯೆಯ ಹಾರ್ಪ್ ಯಾವ ವರ್ಷ ಯಾರ ಮನೆಗೆ ಹೋಯಿತೆಂಬುದನ್ನು ಅವುಗಳಲ್ಲಿ ಹುಡುಕಬಹುದು. ಹೆಸರಿಲ್ಲದ ಲಾಟಿಗೆ ಹೀಗೆ ಒಡತಿಯೊಬ್ಬಳು ದೊರೆಯುತ್ತಾಳೆ. ಇನ್ನೂರು ವರ್ಷದ ಹಿಂದಿನ ಒಂದು ಬೀದಿ, ಒಂದು ಮನೆ ಕಣ್ಣಮುಂದೆ ನಿಲ್ಲುತ್ತದೆ.

ಯಾರಿಗೆ ಸಲ್ಲಬೇಕು?

ಸವಾಲು ಆರಂಭವಾದಾಗ ಎರಡು ಬಗೆಯ ಜನ ಎದುರುಬದುರಾಗುತ್ತಾರೆ. ಒಬ್ಬ ಮನೆಗಳನ್ನು ಸಿಂಗರಿಸುವವನು. ಅವನಿಗೆ ಬೇಕಾದದ್ದು ಚಿನ್ನದ ಕಂಬ, ದೇವತೆಯರು. ತಂತಿ ಇದ್ದರೆಷ್ಟು, ಬಿಟ್ಟರೆಷ್ಟು? ಅವನ ಕೈಯಲ್ಲಿ ಹಾರ್ಪ್ ಹೋಟೆಲಿನ ಹಜಾರ ಸೇರಬಹುದು, ಅಂಗಡಿಯ ಗಾಜಿನ ಕಿಟಕಿ ಸೇರಬಹುದು. ಇನ್ನೊಬ್ಬ ವಾದ್ಯಗಳನ್ನು ದುರಸ್ತಿ ಮಾಡುವವನು, ಅಥವಾ ಹಳೆಯ ಸಂಗೀತವನ್ನು ಆ ಕಾಲದ ವಾದ್ಯದಲ್ಲಿಯೇ ಕೇಳಬೇಕೆನ್ನುವ ಕಲಾವಿದೆ. ಅವರಿಗೆ ಬೇಕಾದದ್ದು ಕಾಣದಿರುವ ಸ್ವರ. ಸೋಜಿಗವೆಂದರೆ, ನುಡಿಯದ ಹಳೆಯ ಹಾರ್ಪ್, ಎಷ್ಟೇ ಚಿನ್ನ ಹೊದ್ದಿದ್ದರೂ, ಕಾರ್ಖಾನೆಯಿಂದ ಬರುವ ಹೊಸ ಕಛೇರಿ ಹಾರ್ಪಿಗಿಂತ ಸಾಮಾನ್ಯವಾಗಿ ಬಹಳ ಅಗ್ಗವಾಗಿ ಹೋಗುತ್ತದೆ. ಆದರೆ ಕೊಂಡ ಬೆಲೆಯನ್ನೂ ಮೀರುವಷ್ಟು ಖರ್ಚು ದುರಸ್ತಿಗೆ ತಗುಲಬಹುದು.

ದುರಸ್ತಿಯಲ್ಲಿಯೂ ಒಂದು ಧರ್ಮಸಂಕಟವಿದೆ. ಉಬ್ಬಿ ಸೀಳಿದ ಹಲಗೆಯನ್ನು ಕಿತ್ತು ಹೊಸದನ್ನು ಕೂಡಿಸಿದರೆ ಹಾರ್ಪ್ ಹಾಡುತ್ತದೆ; ಆದರೆ ಆ ದನಿ 1815ರ ಮರದ್ದಲ್ಲ, ಇಂದಿನ ಮರದ್ದು. ಕಿತ್ತ ಹಲಗೆಯೊಂದಿಗೆ ಹಳೆಯ ಕುಶಲಕರ್ಮಿಯ ಉಳಿಯ ಗುರುತೂ, ಅಂಟಿನ ಗುಟ್ಟೂ ಹೋಗಿಬಿಡುತ್ತದೆ. ಮುಟ್ಟದೆ ಬಿಟ್ಟರೆ ಸಾಕ್ಷ್ಯ ಉಳಿಯುತ್ತದೆ, ಸಂಗೀತ ಉಳಿಯುವುದಿಲ್ಲ. ಆದ್ದರಿಂದ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ತಂತಿಗಳನ್ನು ಸಡಿಲಿಸಿಟ್ಟು ವಾದ್ಯವನ್ನು ಕಾಯುತ್ತವೆ. ಕಲಾವಿದರು ಮೂಲದಲ್ಲಿದ್ದಂತೆ ಹಗುರವಾದ ಕರುಳಿನ ತಂತಿಗಳನ್ನು ಕಟ್ಟಿ, ಹದವರಿತು ನುಡಿಸುತ್ತಾರೆ. ಇಂದಿನ ದಪ್ಪ ತಂತಿಗಳನ್ನು ಬಿಗಿದರೆ ಹಳೆಯ ಒಡಲು ತಾಳಲಾರದು.

ಅಲಂಕಾರಕ್ಕೂ ಒಂದು ಉಪಕಾರವುಂಟೆಂಬುದನ್ನು ಇಲ್ಲಿ ಮರೆಯಬಾರದು. ಚಿನ್ನದ ದೇವತೆಯರಿಲ್ಲದಿದ್ದರೆ ಈ ಹಾರ್ಪುಗಳಲ್ಲಿ ಎಷ್ಟು ಒಲೆಗೆ ಸೌದೆಯಾಗುತ್ತಿದ್ದವೋ! ಕಿವಿಗೆ ಬೇಡವಾದದ್ದನ್ನು ಕಣ್ಣು ಕಾಪಾಡಿಕೊಂಡು ಬಂದಿತು. ಮುಂದೊಂದು ದಿನ ಯಾರೋ ತಂತಿ ಕಟ್ಟಬಹುದೆಂಬ ಆಸೆ ಅದರಿಂದಲೇ ಉಳಿದಿದೆ.

ನಾವು ಕಳೆದುಕೊಂಡ ಹಾರ್ಪ್

ಈ ಮಾತನ್ನು ನಾವು ಹೇಳುವುದಕ್ಕೆ ಕಾರಣವುಂಟು. ಹಾರ್ಪ್ ಪರದೇಶದ ವಾದ್ಯವೆಂದು ನಾವು ಭಾವಿಸಿದ್ದೇವೆ. ಆದರೆ ನಮ್ಮ ಪ್ರಾಚೀನ ವೀಣೆ ಹಾರ್ಪಿನ ಜಾತಿಯದೇ ಆಗಿತ್ತು. ಬಿಲ್ಲಿನಂತೆ ಬಾಗಿದ ತೋಳು, ದೋಣಿಯಂತಹ ಒಡಲು, ನಡುವೆ ಬಿಡಿತಂತಿಗಳು—ಭಾರ್ಹುತ, ಅಮರಾವತಿಗಳ ಶಿಲ್ಪಗಳಲ್ಲಿ ಇಂಥ ವೀಣೆಯನ್ನು ಕಾಣಬಹುದು. ಭರತನ ನಾಟ್ಯಶಾಸ್ತ್ರ ಹೇಳುವ ಏಳು ತಂತಿಯ ಚಿತ್ರಾ, ಒಂಬತ್ತು ತಂತಿಯ ವಿಪಂಚೀ ಈ ಬಗೆಯವೆಂದು ವಿದ್ವಾಂಸರ ಅಭಿಪ್ರಾಯ. ನಾಲ್ಕನೆಯ ಶತಮಾನದ ಸಮುದ್ರಗುಪ್ತ ಚಕ್ರವರ್ತಿ ತನ್ನ ಚಿನ್ನದ ನಾಣ್ಯದ ಮೇಲೆ, ಮಂಚದಲ್ಲಿ ಕುಳಿತು ತೊಡೆಯ ಮೇಲೆ ಇಟ್ಟುಕೊಂಡು ನುಡಿಸುತ್ತಿರುವ ವೀಣೆ ಇದೇ. ತಮಿಳರ ‘ಯಾಳ್’ ಕೂಡ ಇದರ ಬಂಧು. ಸಿಂಹಳದ ಸ್ವಾಮಿ ವಿಪುಲಾನಂದರು ಅದರ ಕುರಿತು 1947ರಲ್ಲಿ ‘ಯಾಳ್ ನೂಲ್’ ಎಂಬ ದೊಡ್ಡ ಗ್ರಂಥವನ್ನೇ ಹೊರತಂದರು.

ದಂಡದ ಮೇಲೆ ತಂತಿಯನ್ನು ಒತ್ತಿ ನುಡಿಸುವ ವೀಣೆ ಬೆಳೆದು ನಿಂತ ಮೇಲೆ, ಗಮಕಕ್ಕೆ ಒಲಿದ ನಮ್ಮ ಸಂಗೀತ ಬಾಗುವೀಣೆಯನ್ನು ಕೈಬಿಟ್ಟಿತು. ಹೆಸರು ಮಾತ್ರ ಹೊಸ ವಾದ್ಯಕ್ಕೆ ಬಂದಿತು. ಹಳೆಯದು ಕಲ್ಲಿನಲ್ಲಿಯೂ ನಾಣ್ಯದಲ್ಲಿಯೂ ನಿಂತುಹೋಯಿತು. ನೆರೆಯ ಬರ್ಮಾ ದೇಶದಲ್ಲಿ ‘ಸೌಂಗ್’ ಎಂಬ ಹೆಸರಿನಿಂದ ಅದರ ಸೋದರಿ ಇಂದಿಗೂ ಹದಿನಾರು ತಂತಿಗಳಲ್ಲಿ ನುಡಿಯುತ್ತಿದ್ದಾಳೆ. ಮಧ್ಯಪ್ರದೇಶದ ಪರ್ಧಾನರ ಬೀನ್‌ಬಾಜಾದಲ್ಲಿ ಅದರ ಒಂದು ಎಳೆ ಉಳಿದಿದೆ. ಉಳಿದಂತೆ, ಸಮುದ್ರಗುಪ್ತನ ವೀಣೆಯನ್ನು ಕೊಳ್ಳುವೆನೆಂದು ಯಾರಾದರೂ ಎಷ್ಟು ಚಿನ್ನ ಹಿಡಿದು ನಿಂತರೂ, ಕೂಗುವುದಕ್ಕೆ ಲಾಟೇ ಇಲ್ಲ.

ಲಂಡನ್ನಿನ ಹರಾಜುಗಾರ ಸುತ್ತಿಗೆ ಎತ್ತಿ ಕೂಗುವಾಗ, ಎದುರಿಗೆ ಕನಿಷ್ಠ ಒಂದು ವಾದ್ಯವಿರುತ್ತದೆ. ತಂತಿ ಹರಿದಿರಬಹುದು, ಹೊಟ್ಟೆ ಉಬ್ಬಿರಬಹುದು. ಕೊರಳ ಮೇಲಿನ ಬಿಲ್ಲೆಗಳು ಮಾತ್ರ ಯಾರಾದರೂ ಪೆಡಲು ತುಳಿದಾರೆಂದು ಕಾದಿರುತ್ತವೆ. ಮನೆಯ ಮೂಲೆಯಲ್ಲಿ ವೀಣೆಯಿರುವ ಓದುಗರು ಇದನ್ನು ಓದಿ ಮುಗಿಸಿದ ಮೇಲೆ, ಅದರ ಗೌಸಣಿಗೆ ಬಿಚ್ಚಿ, ಬಿರಡೆಗಳು ಇನ್ನೂ ತಿರುಗುತ್ತವೆಯೇ ಎಂದು ಒಮ್ಮೆ ನೋಡಿದರೆ ತಪ್ಪಿಲ್ಲ.